ಏರ್ ಫ್ರೈಯರ್‌ಗೆ ಬೀಫ್ ಹಾಕೋ ಮುಂಚೆ

ಏರ್ ಫ್ರೈಯರ್‌ನಲ್ಲಿ ಬೀಫ್ ಮಾಡಿದರೆ ಚಪ್ಪಲಿ ಥರ ಆಗುತ್ತೆ ಅನ್ನೋ ದೂರು ಮುಂಬೈನಲ್ಲಿ ಮಾಮೂಲಿ. ತಪ್ಪು ಮಷೀನಿನದ್ದಲ್ಲ, ಕಣ್ಣುಮುಚ್ಚಿ ನಂಬಿದ ಟೈಮಿಂಗ್‌ದು. ಯೂಟ್ಯೂಬಿನ ‘ಸ್ಟೇಕ್ ಬೈಟ್ಸ್’ಗೆ ಬಳಸೋ ಮಾಂಸದಲ್ಲಿ ಎಳೆ ಎಳೆಯ ನಡುವೆ ಕೊಬ್ಬಿರುತ್ತೆ. ಮಹಾರಾಷ್ಟ್ರದಲ್ಲಿ ಹಸುವಿನ ಜೊತೆ ಎತ್ತು, ಹೋರಿ ಕಡಿಯೋದಕ್ಕೂ 2015ರಿಂದ ನಿಷೇಧ. ಹಾಗಾಗಿ ಇಲ್ಲಿ ಬೀಫ್ ಅಂದರೆ ಎಮ್ಮೆ, ಕೋಣ. ಮಾಂಸ ಕಡುಗೆಂಪು, ಕೊಬ್ಬು ಬಿಳಿ, ಅದೂ ಹೆಚ್ಚಾಗಿ ಅಂಚಲ್ಲೇ. ಇದನ್ನ 12-15 ನಿಮಿಷ ಬಿಸಿಗಾಳಿಗೆ ಹಿಡಿದರೆ ಒಣಗದೆ ಇನ್ನೇನಾದೀತು?

ಅಂಗಡಿಯಲ್ಲಿ ಅಂಡರ್‌ಕಟ್ ಅಂತಲೇ ಕೇಳಿ. ಬೆನ್ನುಮೂಳೆಯ ಒಳಬದಿಯ ಈ ಮಾಂಸ ಹೆಚ್ಚು ದುಡಿದಿರಲ್ಲ, ಅದಕ್ಕೇ ಮೆತ್ತಗೆ. ಕಾಲು, ಎದೆಯ ಮಾಂಸ ಅಗ್ಗ ನಿಜ. ಆದರೆ ಅದರ ಗಟ್ಟಿ ನಾರು ಕರಗೋಕೆ ನೀರು, ಸಮಯ ಎರಡೂ ಬೇಕು. ಒಣ ಗಾಳಿಯಲ್ಲಿ ಎಂಟು ನಿಮಿಷಕ್ಕೆ ಅದು ರಬ್ಬರ್.

ಬೆಳಿಗ್ಗೆ ಕಡಿದ ಮಾಂಸ ಮಧ್ಯಾಹ್ನಕ್ಕೆ ಸೆಟೆದುಕೊಂಡಿರುತ್ತೆ. ‘ಫ್ರೆಶ್’ ಅಂತ ಆಗಲೇ ಬೇಯಿಸೋದೂ ತಪ್ಪು, ತಂದ ಕೂಡಲೇ ಫ್ರೀಜರ್‌ಗೆ ತುರುಕೋದು ಇನ್ನೂ ತಪ್ಪು. ಬೆಳ್ಳಿಯ ಹಾಗೆ ಹೊಳೆಯೋ ಪೊರೆಯ ಕೆಳಗೆ ಚಾಕು ತೂರಿಸಿ ಅದನ್ನ ಎಳೆದು ತೆಗೀರಿ, ಬಿಟ್ಟರೆ ತುಂಡು ಮುದುಡುತ್ತೆ. ಆಮೇಲೆ ಎಳೆಗೆ ಅಡ್ಡಲಾಗಿ 3 ಸೆಂಟಿಮೀಟರ್ ತುಂಡು ಮಾಡಿ. ಸುಕ್ಕಕ್ಕೆ ಮಾಡೋ ಸಣ್ಣ ತುಂಡು ಬೇಡ, ಮೇಲೆ ಕೆಂಪಗಾಗೋ ಮೊದಲೇ ಒಳಗೆ ಬೆಂದು ರಸ ಹೋಗಿರುತ್ತೆ. ಅರ್ಧ ಕೆಜಿಗೆ ಒಂದು ಟೀ ಚಮಚ ಉಪ್ಪು ಸವರಿ, ತಟ್ಟೆಯಲ್ಲಿ ಹರಡಿ, ಮುಚ್ಚದೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ (ಇಡ್ಲಿ ಹಿಟ್ಟಿನ ಪಕ್ಕ ಅಲ್ಲ, ಎಲ್ಲಕ್ಕಿಂತ ಕೆಳಗೆ). ಉಪ್ಪು ಒಳಗಿಳಿಯುತ್ತೆ, ಸೆಟೆದದ್ದು ಸಡಿಲುತ್ತೆ, ಮೇಲ್ಮೈ ಒಣಗುತ್ತೆ. ಮಾರನೇ ದಿನ ಬಟ್ಟೆಯಿಂದ ಒತ್ತಿ ನೋಡಿ, ಬಟ್ಟೆಗೆ ಗುಲಾಬಿ ಬಣ್ಣ ಅಂಟಿದರೆ ಇನ್ನೊಮ್ಮೆ ಒರೆಸಿ. ನೀರು ಇರೋವರೆಗೆ ಮೇಲ್ಮೈ 100 ಡಿಗ್ರಿ ದಾಟಲ್ಲ. ಕೆಂಪಗಾಗೋಕೆ 140 ಆದರೂ ಬೇಕು.

ಪರಂಗಿಕಾಯಿ ಹಾಕೋರು ಅರ್ಧ ಕೆಜಿಗೆ ಒಂದು ಚಮಚ, ಅರ್ಧ ಗಂಟೆ, ಅಷ್ಟೇ. ರಾತ್ರಿಯಿಡೀ ಬಿಟ್ಟರೆ ಹೊರಗೆ ಹಿಟ್ಟು, ಒಳಗೆ ಹಾಗೇ ಗಟ್ಟಿ.

ಮಸಾಲೆ ವಿಷಯದಲ್ಲಿ ಎಲ್ಲರೂ ಎಡವ್ತಾರೆ. ಬಫಾತ್ ಪುಡಿಯನ್ನ (ಮಂಗಳೂರು ಕ್ಯಾಥೊಲಿಕರ ಮನೆಯ ಮೆಣಸಿನ ಮಸಾಲೆ) ಮೊದಲೇ ಮೆತ್ತಿದರೆ 200 ಡಿಗ್ರಿಗೆ ಮೆಣಸು ಕರಿಕಾಗಿ ಕಹಿ ಬಿಡುತ್ತೆ. ಮೊದಲಿಗೆ ಒಂದು ಚಮಚ ಎಣ್ಣೆ, ಒಂದು ಟೀ ಚಮಚ ಪುಡಿ ಸಾಕು. ಉಳಿದ ಎರಡು ಟೀ ಚಮಚ ಪುಡಿಯನ್ನ ಸಣ್ಣ ಉರಿಯಲ್ಲಿ, ತೆಂಗಿನೆಣ್ಣೆಯಲ್ಲಿ, ಘಮ ಬರೋವರೆಗೆ ಬಾಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಚಮಚ ವಿನೆಗರ್ ಬಿಟ್ಟು, ಬೆಂದು ಬಂದ ಮಾಂಸವನ್ನ ಅದರಲ್ಲಿ ಹೊರಳಿಸಿ.

ಮಷೀನನ್ನ 200 ಡಿಗ್ರಿಗೆ 5 ನಿಮಿಷ ಖಾಲಿ ಕಾಯಿಸಿ. 4 ಲೀಟರ್ ಬುಟ್ಟಿಗೆ ಒಂದು ಸಲಕ್ಕೆ 300 ಗ್ರಾಂ ಮಾತ್ರ, ತುಂಡುಗಳ ಮಧ್ಯೆ ಬೆರಳು ಹೋಗೋ ಜಾಗ ಇರಲಿ. ಅರ್ಧ ಕೆಜಿ ಒಟ್ಟಿಗೆ ಸುರಿದರೆ ತಳದಲ್ಲಿ ಬೂದು ನೀರು ನಿಲ್ಲುತ್ತೆ, ಮಾಂಸ ಹಬೆಯಲ್ಲಿ ಬೆಂದ ಬಣ್ಣಕ್ಕೆ ತಿರುಗುತ್ತೆ. 4 ನಿಮಿಷ ಆದಮೇಲೆ ಒಮ್ಮೆ ಕುಲುಕಿ, ಇನ್ನು 3 ನಿಮಿಷ. ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ 63 ಡಿಗ್ರಿ ಬರಲಿ, ತೆಗೆದು 3 ನಿಮಿಷ ಬಿಡಿ. ಗುಲಾಬಿ ಬಣ್ಣ ಕಂಡರೆ ತಿನ್ನೋಕಾಗದವರು ಒಟ್ಟು 9 ನಿಮಿಷ ಮಾಡಿ. ಅದರಾಚೆ ಹೋಗಬೇಡಿ.

ಪೂರ್ತಿ ಮೆತ್ತಗೆ ಬೇಕು ಅನ್ನೋರಿಗೆ, ಸತ್ಯವಾಗಿ ಹೇಳಬೇಕಂದ್ರೆ, ಅಂಡರ್‌ಕಟ್ಟೇ ಬೇಡ. ಕಾಲಿನ ಮಾಂಸ ತಂದು, ಸ್ವಲ್ಪ ನೀರು ಹಾಕಿ, ಕುಕ್ಕರ್‌ನಲ್ಲಿ ಒಂದು ವಿಷಲ್ ಆದಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ರಸ ಬಸಿದು, ಎಣ್ಣೆ ಸವರಿ 200ಕ್ಕೆ 5 ನಿಮಿಷ. ಅಂಚು ಗರಿಗರಿ, ಒಳಗೆ ಬೆಣ್ಣೆ. ಬಸಿದ ರಸ ಮಾರನೇ ದಿನದ ಸಾರಿಗೆ.

1500 ವ್ಯಾಟಿನ ಮಷೀನ್ 6.5 ಆಂಪಿಯರ್ ಎಳೆಯುತ್ತೆ, ಅಡುಗೆಮನೆಯ ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು 16 ಆಂಪಿಯರ್ ಪ್ಲಗ್‌ಗೆ ಹಾಕಿ. ಕೊಬ್ಬು ಸುಟ್ಟ ಹೊಗೆ ಎದ್ದು ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟಬಾರದು ಅಂದರೆ ಬುಟ್ಟಿಯ ಕೆಳಗಿನ ಪ್ಯಾನ್‌ಗೆ ಎರಡು ಚಮಚ ನೀರು ಬಿಡಿ.

ಕೊನೆಗೆ ಪಾವ್ ಕೊಯ್ದು ಅದೇ ಬಿಸಿ ಬುಟ್ಟಿಯಲ್ಲಿ ಒಂದು ನಿಮಿಷ ಇಡಬಹುದು. ಆದರೆ ಮೇಲೊಂದು ಸ್ಟೀಲ್ ಸ್ಟ್ಯಾಂಡ್ ಹೇರಿ. ಹಗುರ ಪಾವ್ ಫ್ಯಾನಿನ ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿಕೊಳ್ಳುತ್ತೆ.