ಪೆನ್ಸಿಲ್ಲಿಗೆ ಅವಸರ, ತುತ್ತಿಗೆ ನಿಧಾನ

ನಮ್ಮ ದಾವಣಗೆರೆಯಲ್ಲಿ ನನ್ನ ಓರಗೆಯ ತಾಯಂದಿರನ್ನು ನೋಡುತ್ತ, ಅವರಲ್ಲಿ ನಾನೂ ಒಬ್ಬಳಾಗಿರುತ್ತ, ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂದಿದೆ. ಮೂರು ತುಂಬುವ ಮೊದಲೇ ಮಗುವಿನ ಕೈಗೆ ಪೆನ್ಸಿಲ್ ಹಿಡಿಸುವ ನಾವು, ಅದೇ ಮಗುವಿಗೆ ಎಂಟು ವರ್ಷವಾದರೂ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುತ್ತೇವೆ. ಶೂ ಲೇಸು ನಾವೇ ಕಟ್ಟುತ್ತೇವೆ, ಚೀಲವನ್ನು ಶಾಲೆಯ ವ್ಯಾನಿನವರೆಗೆ ನಾವೇ ಹೊರುತ್ತೇವೆ, ಮಗು ತೆರೆಯಲಾರದೇನೋ ಎಂದು ಟಿಫನ್ ಡಬ್ಬಿಯ ಮುಚ್ಚಳವನ್ನು ಸಡಿಲವಾಗಿ ಹಾಕಿ ಕಳುಹಿಸುತ್ತೇವೆ. ಅಕ್ಷರದ ವಿಷಯದಲ್ಲಿ ಮಕ್ಕಳು ನಾಳೆಯೇ ದೊಡ್ಡವರಾಗಬೇಕು. ಉಣ್ಣುವ, ಉಡುವ, ಅಂಗಡಿಗೆ ಹೋಗಿ ಬರುವ ವಿಷಯದಲ್ಲಿ ಎಂದೂ ದೊಡ್ಡವರಾಗಬಾರದು. ಇದು ತಲೆಕೆಳಗಾದ ಲೆಕ್ಕವೆಂಬುದು ನನ್ನ ಅಭಿಪ್ರಾಯ.

ನನಗೆ ಇಬ್ಬರು ಮಕ್ಕಳು. ಮಗನಿಗೆ ಎಂಟು ವರ್ಷ, ಮೂರನೇ ತರಗತಿಯಲ್ಲಿದ್ದಾನೆ. ಮಗಳಿಗೆ ಕಳೆದ ನವೆಂಬರ್‌ಗೆ ಆರು ತುಂಬಿತು. ಬತ್ತಿಯಿಲ್ಲದ ಪಟಾಕಿಯಂತೆ ಶಾಂತವಾಗಿರುವವನು ಅವನು. ಅವಳದು ಅದಕ್ಕೆ ತದ್ವಿರುದ್ಧ ಸ್ವಭಾವ. ನಾನು ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹೀಗಾಗಿ ಬೆಳಿಗ್ಗೆ ಮನೆಯಲ್ಲಿ ಬಾಲ್ಯದ ಆರಂಭವನ್ನೂ ಹತ್ತು ಗಂಟೆಯ ಮೇಲೆ ತರಗತಿಯಲ್ಲಿ ಅದರ ಮುಕ್ತಾಯವನ್ನೂ ಒಂದೇ ದಿನದಲ್ಲಿ ಕಾಣುವ ಅವಕಾಶ ನನಗಿದೆ.

ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಈ ಊರು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಶಾಲೆ ಕಾಲೇಜುಗಳಿಂದ ಬದುಕುತ್ತಿದೆ. ಎರಡು ವೈದ್ಯಕೀಯ ಕಾಲೇಜುಗಳು ಕಣ್ಣೆದುರೇ ಇರುವುದರಿಂದಲೋ ಏನೋ, ಇಲ್ಲಿನ ತಂದೆತಾಯಿಗಳು ಎಲ್‌ಕೆಜಿಯ ಅರ್ಜಿ ತುಂಬುವಾಗಲೇ ಮನಸ್ಸಿನಲ್ಲಿ ನೀಟ್ ಪರೀಕ್ಷೆಯ ವರ್ಷವನ್ನು ಎಣಿಸಿರುತ್ತಾರೆ. ಆ ಎಣಿಕೆಯಲ್ಲಿ ಒಂದು ವರ್ಷ ಹೆಚ್ಚಾದರೆ ಅದನ್ನು ನಷ್ಟವೆಂದೇ ಬರೆದುಕೊಳ್ಳುತ್ತಾರೆ.

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿಯೇ ಆದೇಶ ಹೊರಡಿಸಿ, 2025-26ರಿಂದ ಅದನ್ನು ಜಾರಿಗೆ ತರುವುದಾಗಿ ಹೇಳಿದ್ದು ಹಲವರಿಗೆ ನೆನಪಿರಬಹುದು. ಆ ವರ್ಷ ಹತ್ತಿರವಾದಾಗ ಪೋಷಕರು ಎಬ್ಬಿಸಿದ ಗದ್ದಲಕ್ಕೆ ಮಣಿದು, ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ತುಂಬಿದ್ದರೆ ಸಾಕೆಂದು ನಿಯಮವನ್ನು ಸಡಿಲಿಸಲಾಯಿತು. ನನ್ನ ಮಗಳು ಆ ರಿಯಾಯಿತಿಯ ಒಳಗೆ ಸಲೀಸಾಗಿ ಬರುತ್ತಿದ್ದಳು. ಆದರೂ ನಾವು ಅವಳನ್ನು ಒಂದನೇ ತರಗತಿಗೆ ಸೇರಿಸದೆ ಇನ್ನೊಂದು ವರ್ಷ ಯುಕೆಜಿಯಲ್ಲಿಯೇ ಉಳಿಸಿದೆವು. ಆಮೇಲಿನದು ಕೇಳಬೇಕೆ! ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಸಂತೆಯಲ್ಲಿ ಸಿಕ್ಕವರೆಲ್ಲ ದನಿ ತಗ್ಗಿಸಿ, "ಯಾಕಮ್ಮ, ಮಗಳು ಓದಿನಲ್ಲಿ ಹಿಂದೇನು?" ಎಂದು ವಿಚಾರಿಸಿದರು. ಯುಕೆಜಿಯಲ್ಲಿಯೂ ನಪಾಸಾಗಬಹುದೆಂಬ ವಿಷಯ ನನಗೆ ತಿಳಿದದ್ದು ಆಗಲೇ.

ನಮ್ಮ ನಿರ್ಧಾರಕ್ಕೆ ಕಾರಣ ಅವಳ ಕೈ. ಕೈಯ ಎಕ್ಸ್‌ರೇ ನೋಡಿ ಮಕ್ಕಳ ವಯಸ್ಸನ್ನು ಅಂದಾಜು ಮಾಡುವುದುಂಟು. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಹೇಳುತ್ತಿರುತ್ತೇನೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹಸುಗೂಸಿನ ಎಕ್ಸ್‌ರೇಯಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿ ಕಾಣುತ್ತದೆ, ಏಕೆಂದರೆ ಅವು ಇನ್ನೂ ಮೂಳೆಯಾಗಿರದೆ ಮೃದ್ವಸ್ಥಿಯಾಗಿರುತ್ತವೆ. ಮೊದಲ ವರ್ಷದೊಳಗೆ ಎರಡು ಗಟ್ಟಿಯಾಗತೊಡಗುತ್ತವೆ, ಉಳಿದವು ಒಂದರ ಹಿಂದೊಂದು ಬಂದು ಏಳನೆಯದು ಕಾಣಿಸಿಕೊಳ್ಳುವ ಹೊತ್ತಿಗೆ ಮಗುವಿಗೆ ಸುಮಾರು 6 ವರ್ಷ. ಎಂಟನೆಯದಕ್ಕೆ 9ರಿಂದ 12 ವರ್ಷ ಬೇಕು. ಮೂರು ವರ್ಷದ ಮಗುವಿನ ಮುಂದೆ ನಾಲ್ಕು ಗೆರೆಯ ಪುಸ್ತಕ ಇಟ್ಟು, 'ಗೆರೆ ದಾಟಬಾರದು' ಎಂದು ಗದರಿಸುವಾಗ ನಾವು ಕೆಲಸ ಮಾಡಿಸುತ್ತಿರುವುದು ಅರ್ಧವೂ ಕಟ್ಟಿ ಮುಗಿಯದ ಮಣಿಕಟ್ಟಿನಿಂದ. ಅಕ್ಷರಾಭ್ಯಾಸಕ್ಕೆ ನಮ್ಮ ಹಿರಿಯರು ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಬರೆಸುತ್ತಿದ್ದರು. ಅಕ್ಕಿಯಲ್ಲಿ ಬೆರಳು ಎಲ್ಲಿಗೆ ಹೋದರೂ ಅಕ್ಷರ ಮೂಡುತ್ತದೆ. ಅಲ್ಲಿ ಗೆರೆಯೂ ಇರಲಿಲ್ಲ, ಕೆಂಪು ಶಾಯಿಯ ತಿದ್ದುಪಡಿಯೂ ಇರಲಿಲ್ಲ.

ಅದೇ ಕೈ ಉಣ್ಣಲು, ಗುಂಡಿ ಹಾಕಲು, ಬಟಾಣಿ ಸುಲಿಯಲು, ಚಪಾತಿ ಹಿಟ್ಟನ್ನು ಹಿಚುಕಲು ಮೂರು ವರ್ಷಕ್ಕೇ ಸಿದ್ಧವಾಗಿರುತ್ತದೆ. ಬರೆಯುವ ಬೆರಳಿಗೆ ಬಲ ಬರುವುದೂ ಇಂತಹ ಕೆಲಸಗಳಿಂದಲೇ. ಸಿದ್ಧವಿರುವ ಕೆಲಸವನ್ನು ಕಸಿದುಕೊಂಡು ಸಿದ್ಧವಿಲ್ಲದ ಕೆಲಸವನ್ನು ಹೊರಿಸುವುದು ಯಾವ ಜಾಣತನವೋ ನನಗೆ ಅರ್ಥವಾಗಿಲ್ಲ.

ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ಭಾನುವಾರ ಬೆಣ್ಣೆ ದೋಸೆ ತಿನ್ನಲು ಹೋಗಿದ್ದೆವು. ಈ ಊರಿನ ದೋಸೆಯನ್ನು ಬಲ್ಲವರಿಗೆ ಅದರ ಕಷ್ಟವೂ ಗೊತ್ತಿರುತ್ತದೆ: ಮೇಲೊಂದು ಬೆಣ್ಣೆಯ ಮುದ್ದೆ, ಮುಟ್ಟಿದರೆ ಮುರಿಯುವ ಅಂಚು, ಮೆತ್ತಗಿನ ನಡುಭಾಗ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ ಮತ್ತು ತೆಳುವಾದ ಕಾಯಿ ಚಟ್ನಿ. ಅವಳು ಮೊದಲು ಅಂಚನ್ನು ಮುರಿದು ತಿಂದಳು. ಆಮೇಲೆ ನಡುಭಾಗವನ್ನು ಎಳೆದಾಗ ದೋಸೆ ಹರಿಯದೆ ಇಡಿಯಾಗಿ ಮೇಲೆದ್ದಿತು. ಎಡಗೈಯಿಂದ ಒತ್ತಿ ಹಿಡಿದು ಬಲಗೈಯಿಂದ ಹರಿಯಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಎರಡು ಸಲ ಸೋತ ಮೇಲೆ ಅವಳೇ ಕಂಡುಕೊಂಡಳು. ಬೆಣ್ಣೆ ಮೊಣಕೈವರೆಗೆ ಇಳಿದಿತ್ತು, ಚಟ್ನಿ ಫ್ರಾಕಿನ ಮೇಲಿತ್ತು. ಪಕ್ಕದ ಮೇಜಿನ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. "ಪಾಪ, ಕೂಸಿಗೆ ನೀವೇ ಒಂದೆರಡು ತುತ್ತು ತಿನ್ನಿಸಬಾರದೇನವ್ವಾ" ಎಂದರು. ಅವರ ಮಾತಿನಲ್ಲಿ ಅಕ್ಕರೆಯಿತ್ತು, ಜೊತೆಗೆ ನನ್ನ ಮೇಲೊಂದು ಸಣ್ಣ ಆಪಾದನೆಯೂ ಇತ್ತು. ನಾನು ನಕ್ಕು ಸುಮ್ಮನಾದೆ. ಮಗಳು ಮಾತ್ರ ತಲೆ ಎತ್ತಿ, "ಅಜ್ಜಾ, ನಂಗೆ ಬರುತ್ತೆ" ಎಂದು ಉತ್ತರಿಸಿ ಮತ್ತೆ ದೋಸೆಯ ಕಡೆಗೆ ಬಗ್ಗಿದಳು.

ಮಕ್ಕಳ ದೇಹವಾದರೂ ನಮ್ಮಂತೆ ಅವಸರ ಮಾಡುವುದಿಲ್ಲ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಇರುವ ಕೂಸು ಒಂದು ವರ್ಷಕ್ಕೆ 75, ನಾಲ್ಕು ವರ್ಷಕ್ಕೆ ಸುಮಾರು 100 ಸೆಂಟಿಮೀಟರ್ ಆಗುತ್ತದೆ. ಅಲ್ಲಿಂದಾಚೆಗೆ ಹರೆಯ ಬರುವವರೆಗೆ ವರ್ಷಕ್ಕೆ ಐದಾರು ಸೆಂಟಿಮೀಟರ್ ಅಷ್ಟೇ. ಎತ್ತರದ ಓಟ ನಿಧಾನವಾಗುವ ಈ ವರ್ಷಗಳಲ್ಲಿಯೇ ಅವರು ಓಡಲು, ಜಗಳವಾಡಲು, ಸುಳ್ಳು ಹೇಳಲು, ರಾಜಿಯಾಗಲು, ಸೋಲಲು ಕಲಿಯುತ್ತಾರೆ. ನಮ್ಮ ಮನೆಯಲ್ಲಿ ಈ ಬೆಳವಣಿಗೆಗೆ ದುಗ್ಗಮ್ಮನ ಜಾತ್ರೆಯೇ ಅಳತೆಗೋಲು. ಊರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ, ಮನೆ ತುಂಬ ಬರುವ ನೆಂಟರೆಲ್ಲ ಮಕ್ಕಳನ್ನು ಎರಡು ವರ್ಷದ ಅಂತರದಲ್ಲಿ ನೋಡಿ ಬೆರಗಾಗುತ್ತಾರೆ. 2022ರ ಜಾತ್ರೆಯಲ್ಲಿ ಮಗಳು ನನ್ನ ಸೊಂಟದ ಮೇಲಿದ್ದಳು. 2024ರಲ್ಲಿ ಅವಳು ನನ್ನ ಬೆರಳು ಹಿಡಿಯುವ ಬದಲು ನಾನೇ ಅವಳ ಬೆರಳು ಹಿಡಿದುಕೊಂಡು ಆ ನೂಕುನುಗ್ಗಲಿನಲ್ಲಿ ನಡೆಯಬೇಕಾಯಿತು. ದಿನವೂ ಜೊತೆಗಿರುವ ತಾಯಿಗೆ ಬೆಳವಣಿಗೆ ಕಾಣುವುದಿಲ್ಲವೆನ್ನುತ್ತಾರೆ. ನನಗಂತೂ ಅದು ಕಾಣುವುದು ಕೆಲಸ ಕಡಿಮೆಯಾದಾಗ. ಒಂದು ದಿನ ನೋಡಿದರೆ ತಲೆಗೆ ಎಣ್ಣೆ ಹಚ್ಚುವುದೊಂದನ್ನು ಬಿಟ್ಟು ಸ್ನಾನದ ಮನೆಯಲ್ಲಿ ನನಗೇನೂ ಕೆಲಸವಿರಲಿಲ್ಲ.

ಹಲ್ಲಿನ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮಗಳ ಮೊದಲ ಹಾಲುಹಲ್ಲು ಬಿದ್ದಾಗ ನಮ್ಮತ್ತೆ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯಬೇಕೆಂದರು. ಮಾಡು ಎಲ್ಲಿದೆ? ಮೇಲಿರುವುದು ತಾರಸಿ, ಅದರ ಮೇಲೆ ನೀರಿನ ಟ್ಯಾಂಕ್. ಕೊನೆಗೆ ಅಣ್ಣನೇ ತಂಗಿಯನ್ನು ಕರೆದುಕೊಂಡು ಹೋಗಿ, ಟ್ಯಾಂಕಿನ ಹಿಂದೆ ಎಸೆದು ಬಂದ. ಈ ಬೀಳುವ ಹಲ್ಲಿನ ಸಂಭ್ರಮದಲ್ಲಿ ಅನೇಕ ತಾಯಂದಿರು ಒಂದನ್ನು ಗಮನಿಸುವುದಿಲ್ಲ. ಸುಮಾರು ಆರನೇ ವಯಸ್ಸಿಗೆ, ಯಾವ ಹಲ್ಲೂ ಬೀಳದೆಯೇ, ಹಾಲುದವಡೆಯ ಹಿಂದೆ ಹೊಸದೊಂದು ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದು ಶಾಶ್ವತ ಹಲ್ಲು. ಹೇಗಿದ್ದರೂ ಬೀಳುವ ಹಲ್ಲಲ್ಲವೇ ಎಂದುಕೊಂಡು ಹುಳುಕಾಗಲು ಬಿಟ್ಟರೆ, ಅದರ ಬದಲಿಗೆ ಇನ್ನೊಂದು ಬರುವುದಿಲ್ಲ. ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿದ್ದನ್ನು ಪರೀಕ್ಷಿಸುವ ಕೆಲಸವನ್ನು ಮಾತ್ರ ನಾನು ಇನ್ನೂ ಮಕ್ಕಳಿಗೆ ಬಿಟ್ಟುಕೊಟ್ಟಿಲ್ಲ, ಸದ್ಯಕ್ಕೆ ಬಿಡುವುದೂ ಇಲ್ಲ.

ಮಗನ ಕಥೆ ಬೇರೆ. ಬೀದಿಯ ತುದಿಯ ಕಿರಾಣಿ ಅಂಗಡಿಗೆ ಅವನನ್ನು ಒಬ್ಬನನ್ನೇ ಕಳುಹಿಸಲು ಆರಂಭಿಸಿದ್ದು ಏಳನೇ ವಯಸ್ಸಿನಲ್ಲಿ. ಒಮ್ಮೆ ಒಂದು ಸೇರು ಮಂಡಕ್ಕಿ, ಕಾಲು ಕೆಜಿ ಪುಟಾಣಿ ತರಲು ಹೇಳಿ ನೋಟು ಕೊಟ್ಟೆ. ಬಂದವನ ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಮಾತ್ರ ಇತ್ತು. ಮರೆತನೆಂದೇ ಎಣಿಸಿ ಕೇಳಿದರೆ, "ಪುಟಾಣಿ ಹಳೇದು, ವಾಸನೆ ಬಂದೈತಿ, ಹೊಸದು ಸಂಜೆ ಬರುತ್ತೆ ಅಂದ್ರು ಅಂಕಲ್. ಅದಕ್ಕೆ ಬೇಡ ಅಂದೆ" ಎಂದು ಮುಷ್ಟಿ ಬಿಚ್ಚಿ ಚಿಲ್ಲರೆಯನ್ನು ಮೇಜಿನ ಮೇಲೆ ಜೋಡಿಸಿದ. ನಾಣ್ಯಗಳು ಬೆವರಿಗೆ ಒದ್ದೆಯಾಗಿದ್ದವು. ಬೇಡವೆಂದು ತೀರ್ಮಾನಿಸುವ ಅಧಿಕಾರವನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ಕೆಲಸದ ಜೊತೆಗೆ ಅದು ತಾನಾಗಿಯೇ ಬಂದಿತ್ತು. ಕೂಡುವ ಕಳೆಯುವ ಲೆಕ್ಕವನ್ನು ಟ್ಯೂಷನ್ನಿನಲ್ಲಿ ಹೇಳಿಕೊಡಬಹುದು, ಇದನ್ನು ಹೇಳಿಕೊಡುವ ಟ್ಯೂಷನ್ ಎಲ್ಲಿಯೂ ಇಲ್ಲ.

ಇಷ್ಟು ಹೇಳಿದರೆ ಕೆಲವರು, "ಹಿಂದಿನ ಕಾಲವೇ ಚೆನ್ನಾಗಿತ್ತು" ಎಂಬ ಹಾಡನ್ನು ಆರಂಭಿಸುತ್ತಾರೆ. ನಾನು ಆ ಪಂಗಡಕ್ಕೆ ಸೇರಿದವಳಲ್ಲ. ನನ್ನ ತಂದೆ ಚಿಕ್ಕವರಿದ್ದಾಗ ಗಿರಣಿಯ ಗೇಟಿಗೆ ತಾತನ ಬುತ್ತಿ ಒಯ್ಯುತ್ತಿದ್ದರು. ಆ ನೆನಪನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಇದೇ ಊರಿನ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಶಾಲೆಯ ಮುಖ ಕಾಣದೆ ದುಡಿದ ಮಕ್ಕಳೂ ಇದ್ದರು. 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯ್ದೆ 2010ರಲ್ಲಿ ಜಾರಿಗೆ ಬಂತು, 14ರ ಒಳಗಿನವರನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ಇನ್ನಷ್ಟು ಬಿಗಿಯಾಗಿ ನಿಷೇಧಿಸಿತು. ಮಕ್ಕಳನ್ನು ದುಡಿಸಿಕೊಳ್ಳುವುದಕ್ಕೂ ತನ್ನ ತಟ್ಟೆಯನ್ನು ತಾನೇ ತೊಳೆಯುವಂತೆ ಮಾಡುವುದಕ್ಕೂ ಇರುವ ಅಂತರ ಯಾರಿಗೂ ಗೊತ್ತಿಲ್ಲದ್ದೇನಲ್ಲ.

ತಟ್ಟೆಯ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳುತ್ತೇನೆ. ಮಗಳು ತಟ್ಟೆ ಎತ್ತಿದರೆ ಮನೆಗೆ ಬಂದವರೆಲ್ಲ, "ಈಗಲೇ ಎಷ್ಟು ಜವಾಬ್ದಾರಿ" ಎಂದು ಹೊಗಳುತ್ತಾರೆ. ಮಗ ಎತ್ತಿದರೆ, "ಪಾಪ, ಗಂಡುಹುಡುಗನ ಕೈಲಿ ಯಾಕೆ ಮಾಡಿಸ್ತೀಯವ್ವಾ" ಎನ್ನುತ್ತಾರೆ. ನಮ್ಮತ್ತೆಯೂ ಮೊದಲು ಹೀಗೆಯೇ ಹೇಳುತ್ತಿದ್ದರು, ಈಗ ಹೇಳುವುದನ್ನು ಬಿಟ್ಟಿದ್ದಾರೆ. ಆದರೆ ನಾನು ಕಾಲೇಜಿಗೆ ಹೋದ ಮೇಲೆ ಮೊಮ್ಮಗನ ತಟ್ಟೆಯನ್ನು ಅವರೇ ತೊಳೆದಿಡುತ್ತಾರೆಂಬ ಗುಟ್ಟನ್ನು ಮಗಳು ಆಗಾಗ ರಟ್ಟು ಮಾಡುತ್ತಿರುತ್ತಾಳೆ. ಅಜ್ಜಿ ಮೊಮ್ಮಗನ ನಡುವಿನ ಅಷ್ಟು ಮಾತ್ರದ ಲಂಚಕ್ಕೆ ನಾನು ಅಡ್ಡ ಬರುವುದಿಲ್ಲ.

ಕಾಲೇಜಿನಲ್ಲಿ ನಾನು ಕಾಣುವ ಮಕ್ಕಳು ಈ ತಲೆಕೆಳಗಾದ ಲೆಕ್ಕದ ಉತ್ತರ. ಜೀವಕೋಶದ ಚಿತ್ರ ಬಿಡಿಸಿ ಭಾಗಗಳನ್ನೆಲ್ಲ ಕಣ್ಣು ಮುಚ್ಚಿ ಗುರುತಿಸುವ ಹದಿನೇಳರ ಹುಡುಗ, ಹಾಸ್ಟೆಲಿನಲ್ಲಿ ಅಂಗಿಯ ಗುಂಡಿ ಕಿತ್ತುಬಂದರೆ ಊರಿಗೆ ಫೋನ್ ಮಾಡುತ್ತಾನೆ. ಬ್ಯಾಂಕಿಗೆ ಹೋಗಿ ಚಲನ್ ತುಂಬಬೇಕೆಂದರೆ ತಂದೆ ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಬಸ್ಸು ಹತ್ತಿ ಬರುತ್ತಾರೆ. ಅಂಕಪಟ್ಟಿಯಲ್ಲಿ ಇವರು ಮುಂದಿದ್ದಾರೆ. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ ಮುಂದೇನೆಂದು ಯೋಚಿಸುವುದು ಮಾತ್ರ ಇವರಿಗೆ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಏನನ್ನೂ ಬೇಡವೆಂದೋ ಬೇಕೆಂದೋ ತೀರ್ಮಾನಿಸುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ತಾಯಂದಿರು ತುತ್ತು ಕೊಡುವುದನ್ನು ಬಿಡದಿರುವುದಕ್ಕೆ ಪ್ರೀತಿಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ವ್ಯಾನ್ ಬರುತ್ತದೆ. ಮಗು ತಾನೇ ಉಂಡರೆ ಅರ್ಧ ಗಂಟೆ, ನಾವು ತಿನ್ನಿಸಿದರೆ ಹತ್ತು ನಿಮಿಷ. ಕಾರಣ ಅಷ್ಟು ಸರಳ. ನಾವು ಕೆಲಸಕ್ಕೂ ಹೊರಡಬೇಕಾದವರು. ಅದಕ್ಕಾಗಿ ಯಾರನ್ನೂ ದೂರಲಾರೆ. ನಮ್ಮ ಮನೆಯಲ್ಲಿ ಮಕ್ಕಳನ್ನು ಮೊದಲಿಗಿಂತ ಬೇಗ ಮಲಗಿಸಿ ಬೇಗ ಎಬ್ಬಿಸುವ ಏರ್ಪಾಡಾಗಿದೆ, ಅದರಿಂದ ನಮಗೆ ಟಿವಿ ನೋಡುವುದು ತಪ್ಪಿದೆ.

ಈಗ ಮನೆಯಲ್ಲಿ ನಡೆಯುತ್ತಿರುವುದು ಸೈಕಲ್ಲಿನ ವಿವಾದ. ಕುಂದವಾಡ ಕೆರೆಯ ಏರಿಯ ಬಳಿ ಬೆಳಗಿನ ಹೊತ್ತು ಸೈಕಲ್ ಕಲಿತ ಮಗ, ಶಾಲೆಗೂ ಅದರಲ್ಲಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಅವನು ಹೇಳುವ ದಾರಿಯಲ್ಲಿ ಪಿ.ಬಿ. ರಸ್ತೆಯನ್ನು ದಾಟಬೇಕು. ಸಿಟಿ ಬಸ್ಸು, ಲಾರಿ, ಎಲ್ಲಿಂದಲೋ ನುಗ್ಗುವ ಆಟೋಗಳ ನಡುವೆ ಎಂಟು ವರ್ಷದವನ ಅಂದಾಜನ್ನು ನಾನು ನೆಚ್ಚಲಾರೆ. ಬರುತ್ತಿರುವ ವಾಹನದ ವೇಗವನ್ನೂ ದೂರವನ್ನೂ ಒಟ್ಟಿಗೆ ಅಳೆಯುವುದು ಆ ವಯಸ್ಸಿಗೆ ಕಷ್ಟ. ನಾನು ಇಷ್ಟುದ್ದ ಬರೆದದ್ದಕ್ಕೂ ಇದಕ್ಕೂ ವಿರೋಧವಿದೆಯೆಂದು ನಮ್ಮ ಯಜಮಾನರ ವಾದ. ಕೈಗೆ ಸಿದ್ಧವಾದದ್ದನ್ನು ಕೊಡಬೇಕು, ಕಣ್ಣಿಗೆ ಇನ್ನೂ ಸಿದ್ಧವಾಗದ್ದನ್ನು ಕೊಡಬಾರದು, ಎರಡೂ ಒಂದೇ ಮಾತೆಂದು ನನ್ನ ಉತ್ತರ. ಸದ್ಯಕ್ಕೆ ಭಾನುವಾರ ಬೆಳಿಗ್ಗೆ ಅವನು ಮುಂದೆ, ನಾವು ಹಿಂದೆ ಸ್ಕೂಟರಿನಲ್ಲಿ, ಹೀಗೆ ಆ ರಸ್ತೆಯವರೆಗೆ ಹೋಗಿ ಬರುತ್ತಿದ್ದೇವೆ. ಜೂನ್‌ನಲ್ಲಿ ಅವನು ನಾಲ್ಕನೇ ತರಗತಿಗೆ ಬರುತ್ತಾನೆ. ಅಪ್ಪ ಮಗ ಈಗಾಗಲೇ ಒಂದಾಗಿದ್ದಾರೆ, ಮಗಳು ಯಾವ ಕಡೆಯೆಂದು ಇನ್ನೂ ಹೇಳಿಲ್ಲ.