ಕೆಡವಿದ್ದೂ ನಾವೇ, ಕಾಯುವುದೂ ನಾವೇ

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಕಾರ್ಫ್ ಅನ್ನುವ ಕೋಟೆಯಿದೆ, ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಕಟ್ಟಿದ್ದು. ಇದೆ ಅಂದರೆ ಅರ್ಧಂಬರ್ಧ ಇದೆ. ಗುಡ್ಡದ ತುದಿಯ ಗೋಪುರ ಹನ್ನೆರಡನೇ ಶತಮಾನದ ರಾಜ ಒಂದನೇ ಹೆನ್ರಿಯ ಕಾಲದ್ದು. ಐನೂರು ವರ್ಷ ಗಾಳಿ, ಮಳೆಗೆ ಜಗ್ಗದ ಈ ಕೋಟೆಯನ್ನು 1646ರಲ್ಲಿ ಕೆಡವಿದ್ದು ಹೊರಗಿನ ಶತ್ರುಗಳಲ್ಲ, ಅವರದೇ ಪಾರ್ಲಿಮೆಂಟು. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಕೋಟೆಯವರು ರಾಜನ ಕಡೆ ನಿಂತಿದ್ದರು ಅನ್ನುವ ಸಿಟ್ಟು. ಮತ ಹಾಕಿ ತೀರ್ಮಾನ ಮಾಡಿ, ಗೋಡೆಯ ಬುಡ ಕೊರೆದು, ಮದ್ದು ತುಂಬಿ ಉಡಾಯಿಸಿದರು. ಆದರೂ ಪೂರ್ತಿ ಬೀಳಲಿಲ್ಲ. ಸರ್ಕಾರಿ ಕೆಲಸ ಅಲ್ವಾ!

ಈಗ ಇಂಥ ಸ್ಮಾರಕಗಳಿಗೆ ಅದೇ ಪಾರ್ಲಿಮೆಂಟಿನ 1979ರ ಕಾಯ್ದೆಯ ಕಾವಲು. ಅನುಮತಿ ಇಲ್ಲದೆ ಕಲ್ಲು ಕಿತ್ತರೆ ಅಪರಾಧ. ಇಡೀ ಗೋಡೆ ಉರುಳಿಸಿದವರದು ಇತಿಹಾಸ, ಒಂದು ಕಲ್ಲು ಎತ್ತಿದವನ ಮೇಲೆ ಕೇಸು. ಆಗ ಊರಿನವರು ಕೋಟೆಯ ಕಲ್ಲು ಹೊತ್ತೊಯ್ದು ಮನೆ ಕಟ್ಟಿಕೊಂಡಿದ್ದರು. ಅವರೂ ಬಚಾವ್. ಪ್ರವಾಸಿಗರು ಈಗ ಆ ಊರಿನ ಮನೆಗಳ ಮುಂದೆಯೂ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಗೈಡ್ ಜೊತೆ ಹೊರಟರೆ ದಾರಿಯುದ್ದಕ್ಕೂ ‘ಇತ್ತು’ಗಳದ್ದೇ ಮೆರವಣಿಗೆ. ಇಲ್ಲಿ ಅಡುಗೆಮನೆ ಇತ್ತು, ಅಲ್ಲಿ ಮೆಟ್ಟಿಲಿತ್ತು, ಮೇಲೆ ಚಾವಣಿ ಇತ್ತು. ಎಲ್ಲರೂ ಕತ್ತೆತ್ತಿ ಖಾಲಿ ಆಕಾಶ ನೋಡಿ ‘ಓಹ್’ ಅನ್ನುತ್ತಾರೆ. ಇದಕ್ಕೆ ಟಿಕೆಟ್ ಬೇರೆ ಕೊಂಡಿರುತ್ತಾರೆ, ಅನ್ನಲೇಬೇಕು.

ನಿಜವಾಗಿ ನೋಡಬೇಕಾದ್ದು ನೈಋತ್ಯ ದಿಕ್ಕಿನ ಬಾಗಿಲು. ಅದಕ್ಕೆ ಎರಡು ಬುರುಜು. ಬುಡ ಕೊರೆದಾಗ ಒಂದು ಬುರುಜು ಬೀಳದೆ, ನಿಂತ ಹಾಗೇ ಇಳಿಜಾರಿನಲ್ಲಿ ಜಾರಿ ಕೆಳಗೆ ಕೂತುಬಿಟ್ಟಿದೆ. ಕಮಾನು ನಡುವೆ ಸೀಳಿ ಅರ್ಧ ಮೇಲೆ, ಅರ್ಧ ಕೆಳಗೆ. ನೋಡಿದ ತಕ್ಷಣ ಯಾರಿಗಾದರೂ ಮೇಸ್ತ್ರಿಯನ್ನು ಕರೆಸೋಣ ಅನಿಸುತ್ತದೆ. ಮೇಸ್ತ್ರಿಗಳು ಬರುತ್ತಾರೆ ಕೂಡ. ಸರಿಮಾಡಲು ಅಲ್ಲ, ಎಷ್ಟು ಜಾರಿದೆಯೋ ಅಷ್ಟಕ್ಕೇ ನಿಲ್ಲಿಸಲು! ಸಂದಿಗೆ ಗಾರೆ ತುಂಬಿ, ಸಡಿಲ ಕಲ್ಲು ಬಿಗಿಮಾಡಿ ಹೋಗುತ್ತಾರೆ. ರಿಪೇರಿ ಆದದ್ದು ಗೊತ್ತಾಗಬಾರದು. ಜಾಸ್ತಿ ಚೆನ್ನಾಗಿ ಮಾಡಿದರೆ ಕೆಲಸ ಕೆಟ್ಟ ಹಾಗೆ.

ಕೋಟೆಯ ಒಡತಿ ಮೇರಿ ಬ್ಯಾಂಕ್ಸ್ ಗಟ್ಟಿಗಿತ್ತಿ. 1643ರ ಮುತ್ತಿಗೆಯಲ್ಲಿ ಮೇಲಿಂದ ಕಲ್ಲು, ಕೆಂಡ ಸುರಿಸಿ ಪಾರ್ಲಿಮೆಂಟಿನ ಸೈನ್ಯವನ್ನು ಹಿಮ್ಮೆಟ್ಟಿಸಿದಳು. ಕೊನೆಗೆ ಒಳಗಿನವನೊಬ್ಬನ ದ್ರೋಹದಿಂದ ಕೋಟೆ ಕೈಬಿಟ್ಟಿತು. ಅವಳ ಧೈರ್ಯ ಮೆಚ್ಚಿ ಗೆದ್ದವರು ಕೋಟೆಯ ಬೀಗದಕೈ ವಾಪಸ್ ಕೊಟ್ಟರಂತೆ. ಎಂಥಾ ದೊಡ್ಡ ಮನಸ್ಸು! ಆ ಬೀಗದಕೈಗಳು ಬ್ಯಾಂಕ್ಸ್ ಮನೆತನದ ಕಿಂಗ್‌ಸ್ಟನ್ ಲೇಸಿ ಬಂಗಲೆಯಲ್ಲಿ ಭದ್ರವಾಗಿವೆ. ತೆರೆಯಲು ಬಾಗಿಲಿಲ್ಲ, ಅಷ್ಟೇ. ಬಂಗಲೆ, ಕೋಟೆ ಎರಡೂ ಈಗ ಹಳೆಯ ಸ್ಮಾರಕಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ವಶ.

ಇಲ್ಲ, ನಮಗೆ ಇಡೀ ಕೋಟೆಯೇ ನೋಡಬೇಕು ಅನ್ನುವವರಿಗೂ ಊರಲ್ಲಿ ವ್ಯವಸ್ಥೆಯಿದೆ. ಗುಡ್ಡದ ಕೆಳಗೆ ಒಂದು ಮಾದರಿ ಗ್ರಾಮ. ಅಲ್ಲಿ ಕೆಡವುವ ಮುಂಚಿನ ಕೋಟೆ ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ನಿಂತಿದೆ. ಬುರುಜು, ಕಮಾನು, ಚಾವಣಿ ಎಲ್ಲವೂ ನೆಟ್ಟಗೆ. ಅಸಲಿ ಹಾಳು, ನಕಲಿ ಗಟ್ಟಿಮುಟ್ಟು. ಅದಕ್ಕೆ ಟಿಕೆಟ್ ಪ್ರತ್ಯೇಕ.