ಸಂಕೀರ್ಣ ಅಲ್ಲ, ಗೋಜಲು

ಅಪ್ಪ ಹೋದ ಮೇಲೆ ಜಮೀನನ್ನು ಅಮ್ಮನ ಹೆಸರಿಗೆ ಮಾಡಿಸೋಕೆ ಪೌತಿ ಖಾತೆಗೆ ಅರ್ಜಿ ಹಾಕಿದ್ದೆವು. ಕಳೆದ ತಿಂಗಳು ಅದರ ಬಗ್ಗೆ ಒಂದು ಪತ್ರ ಬಂತು. ಅಮ್ಮ ಏಳನೇ ಕ್ಲಾಸು ಓದಿದವಳು, ದಿನಾ ಪೇಪರ್ ಓದುತ್ತಾಳೆ. ಕನ್ನಡಕ ಹಾಕಿಕೊಂಡು ಮೂರು ಸಲ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟು, "ಎಲ್ಲಾ ಕನ್ನಡದಲ್ಲೇ ಇದೆ ಕಣೋ, ಆದ್ರೆ ಏನು ಕೇಳ್ತಿದ್ದಾರೆ ಅಂತ ಗೊತ್ತಾಗ್ತಿಲ್ಲ" ಎಂದಳು.

ಪತ್ರ ಹೀಗಿತ್ತು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಅರ್ಜಿಯೊಂದಿಗೆ ಲಗತ್ತಿಸಬೇಕಾಗಿದ್ದ ದಾಖಲಾತಿಗಳು ಅಪೂರ್ಣವಾಗಿರುವುದು ಕಂಡುಬಂದಿರುವುದರಿಂದ, ಈ ಪತ್ರ ತಲುಪಿದ ಏಳು ದಿನಗಳೊಳಗಾಗಿ ಸದರಿ ದಾಖಲಾತಿಗಳನ್ನು ಖುದ್ದು ಹಾಜರಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು."

ಯಾವ ಕಾಗದ ಬೇಕು ಅಂತ ಎಲ್ಲಿದೆ? ಎಲ್ಲೂ ಇಲ್ಲ. ಅಮ್ಮನನ್ನು ಕರೆದುಕೊಂಡು ಹೋಗಿ, ಒಂದೂವರೆ ಗಂಟೆ ಕಾದು ಕೇಳಿದೆ. ಕೌಂಟರಿನಲ್ಲಿದ್ದವರು ಫೈಲು ತಿರುವಿ, "ವಂಶವೃಕ್ಷ ಇಲ್ಲ, ತಂದುಕೊಡಿ" ಎಂದರು. ಅಷ್ಟೇ. ಪತ್ರದಲ್ಲಿ ಅದನ್ನೇ ಬರೆಯಬಹುದಿತ್ತಲ್ಲ ಎಂದೆ. "ಇವೆಲ್ಲ ಸ್ವಲ್ಪ ಕಾಂಪ್ಲಿಕೇಟೆಡ್ ಅಮ್ಮಾ" ಎಂದು ನನಗಲ್ಲ, ಅಮ್ಮನಿಗೆ ಹೇಳಿದರು. ಅಮ್ಮ ತಲೆಯಾಡಿಸಿದಳು, ತನ್ನದೇ ಏನೋ ತಪ್ಪು ಅನ್ನೋ ಹಾಗೆ. ನನಗೆ ಹೊಟ್ಟೆಯಲ್ಲಿ ಸಂಕಟವಾಗಿದ್ದು ಆಗ.

ಅವತ್ತಿನಿಂದ ಈ ಪದದ ಬಗ್ಗೆಯೇ ಯೋಚನೆ ಮಾಡ್ತಿದ್ದೀನಿ. ಮಾತಿನಲ್ಲಿ ಕಾಂಪ್ಲಿಕೇಟೆಡ್ ಅಂತೀವಿ, ಬರೆಯುವಾಗ ಸಂಕೀರ್ಣ, ಜಟಿಲ, ಕ್ಲಿಷ್ಟ ಅಂತೀವಿ. ಈ ಪದಗಳು ಬಂದ ಕೂಡಲೇ ಕೇಳುವವರು ಸುಮ್ಮನಾಗ್ತಾರೆ. ಮಳೆ, ಗ್ರಹಣದ ಹಾಗೆ ಅದು ತಾನಾಗೇ ಆಗಿದೆ, ಯಾರೂ ಮಾಡಿದ್ದಲ್ಲ, ನಮಗೇ ಅರ್ಥ ಮಾಡಿಕೊಳ್ಳೋಕೆ ಬರಲ್ಲ ಅನ್ನೋ ಅರ್ಥ ಬಂದುಬಿಡುತ್ತೆ. ನಮ್ಮ ಮನೆಮಾತಿನ ಪದಗಳು ಹಾಗಲ್ಲ. ಗೋಜಲು, ಸಿಕ್ಕು, ತೊಡಕು, ಕಗ್ಗಂಟು. ಇವನ್ನು ಕೇಳಿದರೆ ನೂಲು ಕಾಣುತ್ತೆ, ಕೂದಲು ಕಾಣುತ್ತೆ, ಹಗ್ಗ ಕಾಣುತ್ತೆ. ಸಿಕ್ಕು ಅಂದಮೇಲೆ ಬಿಡಿಸಬಹುದು. ಗಂಟು ಅಂದಮೇಲೆ ಯಾರೋ ಹಾಕಿದ್ದಾರೆ.

ಅಪ್ಪ ಹಸು ಕಟ್ಟುತ್ತಿದ್ದುದು ಕುಣಿಕೆ ಗಂಟಿನಲ್ಲಿ. ಹಗ್ಗದ ತುದಿಯನ್ನು ಪೂರ್ತಿ ಎಳೆಯದೆ, ಮಡಚಿ ಒಳಗೆ ತೂರಿಸುತ್ತಿದ್ದ. ಹಸು ಎಷ್ಟು ಜಗ್ಗಿದರೂ ಬಿಗಿಯಾಗಿಯೇ ಇರುತ್ತಿತ್ತು, ನಾವು ತುದಿ ಹಿಡಿದು ಒಂದು ಸಲ ಎಳೆದರೆ ಸರಕ್ಕನೆ ಬಿಚ್ಚುತ್ತಿತ್ತು. ನಾನು ಚಿಕ್ಕವನಿದ್ದಾಗ ಒಂದು ಸಂಜೆ, ಭದ್ರವಾಗಿರಲಿ ಅಂತ ಗೂಟಕ್ಕೆ ಮೂರು ಸುತ್ತು ಸುತ್ತಿ ಗಂಟಿನ ಮೇಲೆ ಗಂಟು ಹಾಕಿ ಬಂದಿದ್ದೆ. ರಾತ್ರಿ ಹಗ್ಗ ಹಸುವಿನ ಕಾಲಿಗೆ ತೊಡರಿ ಅದು ಬಿದ್ದು ಒದ್ದಾಡುತ್ತಿತ್ತು. ಲಾಟೀನು ಹಿಡಿದು ಬಿಚ್ಚೋಕೆ ನೋಡಿದರೆ ಗಂಟು ಕಲ್ಲಾಗಿದೆ. ಕೊನೆಗೆ ಅಪ್ಪ ಕುಡುಗೋಲು ತಂದು ಹಗ್ಗ ಕೊಯ್ದ. ಬೈಯಲಿಲ್ಲ. "ಹೀಗೆ ಕಗ್ಗಂಟು ಹಾಕಿದ್ರೆ ಬಿಚ್ಚೋರು ಯಾರು ಮಗಾ" ಎಂದ ಅಷ್ಟೇ. ಆ ಪತ್ರ ಓದುವಾಗ ನನಗೆ ನೆನಪಾಗಿದ್ದು ಅದೇ ಹಗ್ಗ.

ಹೆಣಿಗೆ ಜಾಸ್ತಿ ಇದ್ದದ್ದೆಲ್ಲ ಕೆಟ್ಟದ್ದು ಅಂತ ಹೇಳ್ತಿಲ್ಲ. ಇಳಕಲ್ ಸೀರೆ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಹೊಲಿಯಲ್ಲ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸ್ತಾರೆ. ಎಷ್ಟು ತಾಳ್ಮೆಯ ಕೆಲಸ! ಅದನ್ನು ಯಾರೂ ಗೋಜಲು ಅನ್ನಲ್ಲ. ಅದಕ್ಕೆ ಕುಸುರಿ ಅಂತೀವಿ, ನಾಜೂಕು ಅಂತೀವಿ. ಬೇಕಾದ ಹೆಣಿಗೆಗೂ ಬೇಡದ ಹೆಣಿಗೆಗೂ ಕನ್ನಡ ಬೇರೆ ಬೇರೆ ಹೆಸರು ಇಟ್ಟಿದೆ. ಇಂಥ ಭಾಷೆ ಇಟ್ಟುಕೊಂಡು ನಾವು ಎರಡಕ್ಕೂ ಸಂಕೀರ್ಣ ಅನ್ನೋ ಒಂದೇ ಮುದ್ರೆ ಒತ್ತಿದರೆ ಹೇಗೆ?

ಗಾದೆಗಳಂತೂ ಇನ್ನೂ ಚೆನ್ನಾಗಿವೆ. ಸುತ್ತಿ ಬಳಸಿ ಮಾಡುವ ಕೆಲಸಕ್ಕೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಸಣ್ಣದಕ್ಕೆ ದೊಡ್ಡ ಏರ್ಪಾಡು ಮಾಡಿದರೆ ಉಗುರಲ್ಲಿ ಹೋಗೋದಕ್ಕೆ ಕೊಡಲಿ. ಮೊನ್ನೆ ಒಂದು ಹೋಟೆಲಿನಲ್ಲಿ ತಿಂಡಿ ಏನಿದೆ ಅಂತ ಕೇಳಿದರೆ ಮೊಬೈಲಿನಲ್ಲಿ ಕೋಡ್ ಸ್ಕ್ಯಾನ್ ಮಾಡಿ ಅಂದರು. ಮೊದಲು ಸಪ್ಲೈಯರ್ ಒಂದೇ ಉಸಿರಿನಲ್ಲಿ ಇಡ್ಲಿ ವಡೆ ಖಾಲಿದೋಸೆ ಕೇಸರಿಬಾತ್ ಅಂತ ಹೇಳಿ ಮುಗಿಸುತ್ತಿದ್ದ, ಅಲ್ವಾ? ಇನ್ನು ರಗಳೆ. ಹರಿಹರ ಬರೆದ ರಗಳೆಯಲ್ಲಿ ಇಷ್ಟೇ ಸಾಲು ಅನ್ನೋ ಲೆಕ್ಕ ಇಲ್ಲ, ಎಷ್ಟು ಬೇಕಾದರೂ ಬೆಳೆಸಬಹುದು. ಮುಗಿಯದ ತಾಪತ್ರಯಕ್ಕೆ ನಾವು ಆ ಹೆಸರು ಇಟ್ಟಿದ್ದು ಅದಕ್ಕೇ ಇರಬೇಕು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಕಂದಾಯದ ಹಳೇ ಪದಗಳ ಮೇಲೆ ನನ್ನ ತಕರಾರಿಲ್ಲ. ಜಮೀನಿನ ದಾಖಲೆಗೆ ಹೇಳುವ ಪಹಣಿ ಮರಾಠಿಯಿಂದ ಬಂದದ್ದು, ಹಿಸ್ಸಾ, ಖರಾಬು ಅರಬ್ಬಿ ಮೂಲದವು. ಆದರೂ ಶಾಲೆಗೇ ಹೋಗದ ರೈತರು ಪಾಲಿಗೆ ಹಿಸ್ಸಾ, ಜಂಟಿ ಜಮೀನನ್ನು ಅಳೆಸಿ ಬೇರೆ ಮಾಡಿಸೋದಕ್ಕೆ ಪೋಡಿ, ನಾಲ್ಕು ದಿಕ್ಕಿನ ಗಡಿಗೆ ಚೆಕ್ಕುಬಂದಿ ಅಂತ ಸಲೀಸಾಗಿ ಮಾತಾಡ್ತಾರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಅಂತ ಬೆರಳಲ್ಲೇ ಲೆಕ್ಕ ಹಾಕ್ತಾರೆ. ಪದ ಕಷ್ಟ ಅಲ್ಲ. ಪದಗಳನ್ನು ಸುತ್ತಿ ಸುತ್ತಿ, ಹೇಳಬೇಕಾದ ಒಂದೇ ಒಂದು ವಿಷಯ ಬಿಟ್ಟು ಬರೆಯೋದಿದೆಯಲ್ಲ, ಅದು ಕಷ್ಟ. 1963ರಲ್ಲೇ ರಾಜಭಾಷಾ ಕಾನೂನು ಬಂತು. ಕನ್ನಡ ಫೈಲಿನೊಳಗೆ ಬಂದಿದೆ, ಅದು ದೊಡ್ಡ ವಿಷಯವೇ. ಆದರೆ ಅಮ್ಮನಿಗೆ ತಲುಪದ ಕನ್ನಡ ಯಾರಿಗಾಗಿ?

ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಕೈಬರಹ ಹೋಗಿ ಅಚ್ಚು ಬಂತು, ಅದರಿಂದ ತುಂಬಾ ಜನಕ್ಕೆ ಅನುಕೂಲ ಆಯಿತು. ಆದರೆ ಎಷ್ಟೋ ಕಡೆ ಪಹಣಿ ಇನ್ನೂ ಜಂಟಿಯಲ್ಲೇ ಇದೆ. ನಮ್ಮದರಲ್ಲೇ ಅಪ್ಪನ ಜೊತೆ ಚಿಕ್ಕಪ್ಪ, ದೊಡ್ಡಪ್ಪ, ಈಗ ಇಲ್ಲದ ಇನ್ನಿಬ್ಬರ ಹೆಸರಿದೆ. ಇದು ಬಹುಮಾಲೀಕತ್ವದ ಸಂಕೀರ್ಣ ಪ್ರಕರಣ ಅಂತೆ. ಅಮ್ಮ ಹೇಳೋದು, "ಹಳೇ ಸಿಕ್ಕು, ತುದಿಯಿಂದ ಬಾಚ್ಕೊಂಡು ಬರಬೇಕು." ನನಗೆ ಅಮ್ಮನ ಮಾತೇ ಕೆಲಸಕ್ಕೆ ಬರ್ತಿದೆ. ಮೊದಲು ವಂಶವೃಕ್ಷ, ಆಮೇಲೆ ಪೌತಿ ಖಾತೆ, ಆಮೇಲೆ ಪೋಡಿ.

ವಂಶವೃಕ್ಷ ಕೊಟ್ಟಾಯಿತು. ಮನೆಗೆ ಬಂದು ಆ ಪತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದೆ: "ವಂಶವೃಕ್ಷ ಬೇಕು. ಏಳು ದಿನದೊಳಗೆ ತಂದುಕೊಡಿ." ಅಮ್ಮ ಓದಿ, "ಇಷ್ಟೇನಾ?" ಎಂದು ಕನ್ನಡಕ ತೆಗೆದಿಟ್ಟಳು.

ನಿಮ್ಮ ಊರಿನ ಕಡೆ ಇಂಥದ್ದಕ್ಕೆ ಏನಂತೀರಿ? ಧಾರವಾಡದ ಗೆಳೆಯ ಭಾನಗಡಿ ಅಂತಾನೆ. ಕುಂದಾಪುರ, ಬಳ್ಳಾರಿ, ಬೀದರ್, ಚಾಮರಾಜನಗರದವರು ಬರೆಯಿರಿ. ಅಮ್ಮನಿಗೆ ಓದಿ ಹೇಳ್ತೀನಿ.